ಏಸಿ ಪೈಪಿನ ಎರಡು ತುದಿ

ಏಸಿಯಿಂದ ನೀರು ಸೋರಲು ಶುರುವಾಗಿ ಅಂದಿಗೆ ಐದನೇ ದಿನ. ಹನಿ ನೇರವಾಗಿ ಅತ್ತೆಯ ಮೊಣಕಾಲ ಮೇಲೆ ಬೀಳುತ್ತಿತ್ತು. ಮೊಣಕಾಲಿಗೆ ಅದು ಗೊತ್ತಾಗುತ್ತಿರಲಿಲ್ಲ. ಸೊಂಟದಿಂದ ಕೆಳಗೆ ನಾಲ್ಕು ವರ್ಷದಿಂದ ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಕಾಲುಗಳ ಮೇಲೆ ಒಂದು ನೀಲಿ ಪ್ಲಾಸ್ಟಿಕ್ ಬೇಸಿನ್ ಇಟ್ಟಿದ್ದರು. ಅದರೊಳಗೆ ಹನಿ ಟಪ್ ಎಂದಾಗಲೆಲ್ಲ, ಕಾಲು ಇನ್ನೂ ಅಲ್ಲೇ ಇದೆ ಎಂದು ಅವಳಿಗೆ ಖಾತ್ರಿಯಾಗುತ್ತಿತ್ತು.

ಮಂಚ ಸರಿಸುವಂತಿರಲಿಲ್ಲ. ಅವಳು ಹಿಡಿದುಕೊಂಡು ಮೈ ಎತ್ತಲೆಂದು ಸೂರಿನಿಂದ ಒಂದು ಕಬ್ಬಿಣದ ಸರಳು ಇಳಿಬಿಟ್ಟಿದ್ದರು. ಮಂಚ ಅದರ ಕೆಳಗೇ ಇರಬೇಕು. ಏಸಿ ಆರಿಸಿದರೆ ಬೆವರಿನಿಂದ ಬೆನ್ನಿನ ಹುಣ್ಣು ಒದ್ದೆ. ಹಾಕಿದರೆ ಸೋರಿದ ನೀರಿನಿಂದ ಹಾಸಿಗೆ ಒದ್ದೆ. ವಾರಕ್ಕೆರಡು ಸಲ ಹುಣ್ಣಿಗೆ ಪಟ್ಟಿ ಕಟ್ಟಲು ಬರುವ ನರ್ಸು ಹಿಂದಿನ ದಿನ ಮುಖ ಗಂಟು ಹಾಕಿಕೊಂಡು ಹೇಳಿ ಹೋಗಿದ್ದಳು: "ಮಂಗಳವಾರ ನಾನು ಬರೋ ಹೊತ್ತಿಗೂ ಇದು ಹೀಗೇ ಇದ್ರೆ ಪಟ್ಟಿ ಕಟ್ಟಲ್ಲಮ್ಮ. ಆಂಬುಲೆನ್ಸಿಗೆ ಫೋನ್ ಮಾಡ್ತೀನಿ, ಅಷ್ಟೇ." ಏಸಿ ರಿಪೇರಿಯವನನ್ನು ಕೇಳಿದರೆ, ಬೇಸಿಗೆ ನೋಡಿ ಸಾರ್, ಹತ್ತು ದಿನ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ ಎಂದಿದ್ದ. ಹೀಗಾಗಿ ಭಾನುವಾರ ಬೆಳಿಗ್ಗೆ ಮನೆಯವರೇ ಕೈಹಾಕುವುದೆಂದಾಯಿತು.

ಮನೆಯವರೆಂದರೆ ಇಬ್ಬರು ಗಂಡಸರು. ಒಬ್ಬ ಅವಳ ಗಂಡ. ನೀರು ಸರಬರಾಜು ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ಪೈಪು ಜೋಡಿಸಿ ನಿವೃತ್ತನಾದವನು. ಬೀದಿಗೆಲ್ಲ ಅವನು ಮೇಸ್ತ್ರಿ. ಬೆನ್ನ ಹಿಂದೆ ಅವಳಿಗೂ ಮೇಸ್ತ್ರಿಯೇ. ಇನ್ನೊಬ್ಬ ಅಳಿಯ, ಔಷಧಿ ಗೋದಾಮಿನಲ್ಲಿ ಮೇಲ್ವಿಚಾರಕ. ಇವರಿಬ್ಬರ ನಡುವೆ ಮಾತು ನಿಂತು ಹನ್ನೊಂದು ತಿಂಗಳಾಗಿತ್ತು.

ಮಗಳು ಅಳಿಯ ಈ ಮನೆಗೆ ಬಂದದ್ದೇ ಮಲಗಿದವಳನ್ನು ನೋಡಿಕೊಳ್ಳಲು. ಹೋದ ವರ್ಷ ಎದ್ದು ಓಡಾಡುತ್ತಿದ್ದ ಮಗಳಿಗೆ ಜ್ವರ ಬಂತು. ಮೇಸ್ತ್ರಿ, ಬರೀ ಜ್ವರ ಎಂದ. ಅಳಿಯ, ಮಂಗಳವಾರದವರೆಗೆ ನೋಡೋಣ ಎಂದ. ಮೂರನೇ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದವಳು ಅತ್ತೆ; ಮಲಗಿದವರಿಗೆ ಎಲ್ಲದಕ್ಕೂ ಗಾಬರಿ ಎಂದು ಇಬ್ಬರೂ ಆ ಒಂದು ವಿಷಯದಲ್ಲಿ ಒಂದಾಗಿದ್ದರು. ಆರನೇ ದಿನ ಆಸ್ಪತ್ರೆಗೆ ಹೋದ ಮಗಳು ಒಂಬತ್ತನೇ ದಿನ ಹೋಗಿಬಿಟ್ಟಳು. ಆಮೇಲೆ ಗಂಡಸರಿಬ್ಬರೂ ಮುಖಕ್ಕೆ ಮುಖ ಕೊಡುವುದನ್ನು ಬಿಟ್ಟರು. ಹೇಳುವುದೇನಿದ್ದರೂ ಅತ್ತೆಯ ಮೂಲಕ. "ಅವನಿಗೆ ಹೇಳು, ಗ್ಯಾಸ್ ಮುಗಿದಿದೆ." "ಅವರಿಗೆ ಹೇಳಿ, ತಂದಿದ್ದೀನಿ." ಮಂಚ ಅಂಚೆ ಕಚೇರಿಯಾಯಿತು.

ಆದರೆ ಯಾವ ಅಂಚೆಯವಳೂ ಕಾಗದ ಒಡೆದು, ತಿದ್ದಿ, ಮತ್ತೆ ಅಂಟಿಸಿ ಕೊಡುವುದಿಲ್ಲ. ಅವಳು ತಿದ್ದುತ್ತಿದ್ದಳು.

ಮೊದಲ ಸಲ ಮಾಡಿದ್ದು ಮಗಳು ಹೋದ ಮರುತಿಂಗಳು. ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದ್ದ: "ಅವನಿಗೆ ಹೇಳೇ. ಇನ್ನೂ ಚಿಕ್ಕ ವಯಸ್ಸು. ನಮಗೋಸ್ಕರ ಇಲ್ಲಿ ಕೂತ್ಕೊಳ್ಳೋದು ಬೇಡ. ಅವನದೇನೂ ತಪ್ಪಿಲ್ಲ, ಅದನ್ನೂ ಹೇಳು." ಈ ಮಾತು ಇದ್ದಹಾಗೇ ಮುಟ್ಟಿಸಿದರೆ ಅಳಿಯ ಸಂಜೆಯೊಳಗೆ ಪೆಟ್ಟಿಗೆ ಕಟ್ಟುತ್ತಾನೆಂದು ಅವಳಿಗೆ ಗೊತ್ತಿತ್ತು. ಪೆಟ್ಟಿಗೆ ಆಗಲೇ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಅವಳು ಅಳಿಯನಿಗೆ ಹೇಳಿದಳು: "ಮಾವ ಏನಂತಾರೆ ಗೊತ್ತಾ? ಈಗ ಎದ್ದು ಹೋದ್ರೆ ತಪ್ಪು ಯಾರದು ಅಂತ ಬೀದಿಗೆಲ್ಲ ತಾನಾಗೇ ಗೊತ್ತಾಗುತ್ತೆ ಅಂತಾರೆ." ಅಳಿಯನ ಮುಖ ಬಿಳಿಚಿಕೊಂಡಿತು. ಪೆಟ್ಟಿಗೆ ಅಟ್ಟಕ್ಕೆ ಹೋಯಿತು.

ಆಮೇಲೆ ಅಳಿಯ, "ನನಗೆ ಯಾರ ಮೇಲೂ ಸಿಟ್ಟಿಲ್ಲ, ಮಾವನಿಗೆ ಹೇಳಿ," ಎಂದ. ಮೇಸ್ತ್ರಿಗೆ ಮುಟ್ಟಿದ್ದು: "ನನ್ನ ಮುಂದೆ ತಲೆ ತಗ್ಗಿಸೋವರೆಗೂ ಈ ಮನೆ ಬಿಡಲ್ಲ ಅಂದ ನಿಮ್ಮ ಅಳಿಯ." ಮೇಸ್ತ್ರಿ ಅಂದಿನಿಂದ ತಲೆಯನ್ನು ಇನ್ನೂ ಎರಡು ಇಂಚು ಎತ್ತಿಕೊಂಡೇ ಓಡಾಡಿದ. ಹೀಗೆ ಹನ್ನೊಂದು ತಿಂಗಳು. ಇವನು ಬಿಟ್ಟುಕೊಡಲಾರ, ಅವನು ಬಿಟ್ಟುಕೊಡಲಾರ. ಇಬ್ಬರೂ ಹಠಕ್ಕೆ ಬಿದ್ದು ಅವಳ ಗಂಜಿ, ಮಾತ್ರೆ, ಮಗ್ಗುಲು ಯಾವುದೂ ಒಂದು ದಿನ ತಪ್ಪದಂತೆ ನೋಡಿಕೊಂಡರು. ಇರು ಎಂದು ಕೇಳಿಕೊಂಡರೆ ಯಾರು ಎಷ್ಟು ದಿನ ಇದ್ದಾರು? ಸಿಟ್ಟು ಬಂದವನು ಮಾತ್ರ ಕದಲುವುದಿಲ್ಲ.

ಆದರೆ ಕಳೆದ ವಾರ ಅಳಿಯನಿಗೆ ವರ್ಗಾವಣೆಯ ಕಾಗದ ಬಂದಿತ್ತು. ಬಡ್ತಿ, ಬೇರೆ ಊರಿನ ಗೋದಾಮು, ಒಂದು ರಾತ್ರಿಯ ಪ್ರಯಾಣ. ಒಪ್ಪಿಗೆಯನ್ನು ಸೋಮವಾರ ಹತ್ತು ಗಂಟೆಗೆ ತಿಳಿಸಬೇಕು.

"ಅತ್ತೆ, ಹೇಳಿದ್ನಲ್ಲ, ಮಾವನಿಗೆ ಕೇಳಿದ್ರಾ?" ಸ್ಟೂಲು ತಂದು ಏಸಿಯ ಕೆಳಗಿಡುತ್ತ ಅಳಿಯ ಕೇಳಿದ. "ಅವರೊಬ್ಬರಿಗೇ ನಿಮ್ಮನ್ನ ನೋಡ್ಕೊಳ್ಳೋಕೆ ಆಗುತ್ತೆ ಅಂದ್ರೆ ನಾನು ಹ್ಞೂಂ ಅಂತೀನಿ. ಆಗಲ್ಲ ಅಂದ್ರೆ ಇಲ್ಲ."

"ಕೇಳಿದೆ ಕಣಪ್ಪ."

"ಏನಂದ್ರು?"

"ನಕ್ಕರು."

"ನಕ್ಕರಾ?"

"ಮೂಗಲ್ಲಿ."

ಅವಳು ಕೇಳಿಯೇ ಇರಲಿಲ್ಲ. ಅಳಿಯ ಸ್ಕ್ರೂಡ್ರೈವರನ್ನು ಅಂಗೈಗೆ ಎರಡು ಸಲ ಬಡಿದುಕೊಂಡ. "ಸರಿ. ಇವತ್ತು ಈ ಕೆಲಸ ಮುಗೀಲಿ. ನಾನೇ ಹೋಗಿ ಎದುರಿಗೆ ನಿಂತು ಕೇಳ್ತೀನಿ. ಮೂಗಲ್ಲಿ ನಗ್ತಾರೋ ಕಿವೀಲಿ ನಗ್ತಾರೋ, ನಾನೇ ನೋಡ್ತೀನಿ."

ಅತ್ತೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇವರಿಬ್ಬರೂ ಎದುರೆದುರು ನಿಂತು ಐದು ನಿಮಿಷ ಮಾತಾಡಿದರೆ ಸಾಕು, ಮಂಗಳವಾರದ ಹೊತ್ತಿಗೆ ಅಳಿಯ ರೈಲಿನಲ್ಲಿರುತ್ತಾನೆ. ಏಸಿ ಸರಿಹೋಗಬೇಕು, ಅದು ಅವಳಿಗೂ ಬೇಕು. ಆಸ್ಪತ್ರೆಯ ವಾರ್ಡು ಯಾರಿಗೆ ಬೇಕಾಗಿದೆ? ಆದರೆ ಸರಿಹೋದ ಮರುಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ಕೊಲ್ಲುವಷ್ಟು ಉರಿಯುತ್ತಿರಬೇಕು. ಅದಕ್ಕೆ ಅವಳ ಕೈಯಲ್ಲಿ ಇದ್ದದ್ದು ಒಂದು ಗಂಟೆ.

ಕೆಲಸವೇನೋ ದೊಡ್ಡದಲ್ಲ. ಏಸಿಯ ಹೊಟ್ಟೆಯಲ್ಲಿ ಒಂದು ತಟ್ಟೆ. ತಣ್ಣಗಾದ ಗಾಳಿಯ ನೀರು ಅದರಲ್ಲಿ ಕೂಡುತ್ತದೆ. ತಟ್ಟೆಯಿಂದ ಬೆರಳು ಗಾತ್ರದ ಮೆದು ಕೊಳವೆ ಗೋಡೆಯ ತೂತಿನಲ್ಲಿ ಹೊರಗೆ ಹೋಗಿ ಬಿಳಿ ಪೈಪಿಗೆ ಸೇರುತ್ತದೆ. ಆ ಪೈಪು ಹೊರಗೋಡೆಯುದ್ದಕ್ಕೂ ಇಪ್ಪತ್ತಡಿ ಹರಿದು, ಮೂಲೆಯ ಹತ್ತಿರ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಾಯಿ ಬಿಡುತ್ತದೆ. ಒಳಗೆಲ್ಲೋ ಪಾಚಿ ಕಟ್ಟಿಕೊಂಡಿದೆ. ಹೊರಗಿನ ತುದಿಗೆ ಪಂಪು ಹಚ್ಚಿ ಗಾಳಿ ಹೊಡೆಯಬೇಕು, ಒಳಗಿನ ತುದಿಯನ್ನು ತಟ್ಟೆಯಿಂದ ಕಿತ್ತು ಬಕೆಟ್ಟಿಗೆ ಹಿಡಿಯಬೇಕು. ಅಂದರೆ ಎರಡು ತುದಿಗೆ ಇಬ್ಬರು, ಅದೂ ಒಂದೇ ಹೊತ್ತಿಗೆ.

ಮೇಸ್ತ್ರಿ ಸೈಕಲ್ ಪಂಪು ಹಿಡಿದು ಹೊರಗಿನಿಂದ ಮಂಚದ ಪಕ್ಕದ ಕಿಟಕಿಗೆ ಬಂದು ನಿಂತ. ಅಳಿಯ ಬಕೆಟ್ ತರಲು ಹೋಗಿದ್ದ.

"ಹೇಳು ಅವನಿಗೆ. ಹೋದ ಬೇಸಿಗೇಲೇ ಬಡ್ಕೊಂಡೆ, ಪೈಪು ನಡುವೆ ಜೋತು ಬಿದ್ದಿದೆ, ಇಳಿಜಾರು ಸಾಲದು ಅಂತ. ನೀರಿಗೆ ಏನು ಇವನ ಗೋದಾಮಿನ ಆರ್ಡರು ಕಾಗದ ಓದೋಕೆ ಬರುತ್ತಾ, ಹತ್ತಿ ಹೋಗು ಅಂದ್ರೆ ಹತ್ತೋಕೆ? ಜೋತು ಬಿದ್ದಲ್ಲೇ ಕಟ್ಕೊಂಡಿದೆ."

"ಇದನ್ನೆಲ್ಲ ನಾನು ಹೇಳ್ಬೇಕಾ?"

"ಒಂದೂ ಬಿಡ್ದೆ ಹೇಳು. ಮತ್ತೆ ಇನ್ನೊಂದು. ಪಕ್ಕದ ಮನೆ ಬೋರ್ ಮೋಟಾರು ಹೊಡ್ಕೊಳ್ತಾ ಇದೆ, ಕೂಗಿದ್ರೂ ಕೇಳಲ್ಲ. ಇಲಾಖೇಲಿ ನಾವು ಬಟ್ಟೆ ತೋರಿಸ್ತಿದ್ವಿ. ಈ ತುದಿ ಸಿದ್ಧ ಆದ್ರೆ ಬಟ್ಟೆ, ಆ ತುದಿಯವನು ವಾಲ್ವ್ ತಿರುಗಿಸೋನು. ಅವನು ಕೊಳವೆ ಕಿತ್ತು ಬಕೆಟ್ಟಿಗೆ ಹಿಡಿದ ಮೇಲೆ ನೀನು ಟವೆಲ್ ಹೊರಗೆ ಹಾಕು. ಟವೆಲ್ ಕಂಡ್ರೆ ನಾನು ಹೊಡೀತೀನಿ. ಅದಕ್ಕೆ ಮುಂಚೆ ಹಾಕಿದ್ಯೋ, ಗಲೀಜೆಲ್ಲ ಅವನ ಮುಖಕ್ಕೆ."

"ಗೊತ್ತಾಯ್ತು ಬಿಡಿ. ನಾನೇನು ಕುರುಡಿಯಾ?"

"ಕುರುಡಿ ಆಗಿದ್ರೆ ಎಷ್ಟೋ ಚೆನ್ನಾಗಿತ್ತು, ಬಾಯಿ ಸ್ವಲ್ಪ ಕಡಿಮೆ ಇರ್ತಿತ್ತು," ಎಂದು ಮೇಸ್ತ್ರಿ ಮೂಲೆಯ ಕಡೆ ಹೋದ.

ಅಳಿಯ ಬಕೆಟ್ ತಂದ. ಅವಳು ಟವೆಲಿನ ಗುರುತು ಹೇಳಿ, ಉಳಿದದ್ದರಲ್ಲಿ ಬೇಕಾದ್ದನ್ನು ಆರಿಸಿ ಕೊಟ್ಟಳು.

"ಮಾವ ಹೇಳಿದ್ರು. ಪೈಪು ಜೋತು ಬಿದ್ದಿರೋದು ನಿನ್ನಿಂದಂತೆ. ಕಾಗದದಲ್ಲಿ ಗುಳಿಗೆ ಎಣಿಸೋನಿಗೆ ಪೈಪಿನ ಕೆಲಸ ಯಾಕೆ ಬೇಕಿತ್ತು ಅಂದ್ರು."

"ನಾನು ಪೈಪು ಹಾಕಿದ ದಿನ ಏಣಿ ಹಿಡ್ಕೊಂಡಿದ್ದೋರು ಯಾರಂತೆ?"

"ಅದನ್ನೂ ಕೇಳ್ಲಾ?"

"ಬೇಡ, ನಾನೇ ಕೇಳ್ತೀನಿ. ಎಲ್ಲ ಒಟ್ಟಿಗೇ ಕೇಳ್ತೀನಿ." ಅಳಿಯ ಮೇನ್ ಸ್ವಿಚ್ ಆರಿಸಿ ಸ್ಟೂಲು ಹತ್ತಿದ.

ಅವನ ಕೆಲಸದ ಕ್ರಮ ಬೇರೆ. ಮೇಸ್ತ್ರಿಯಾದರೆ ಮುಚ್ಚಳವನ್ನು ಎರಡು ಗುದ್ದು ಕೊಟ್ಟು ಬಿಚ್ಚುತ್ತಿದ್ದ. ಅಳಿಯ ತೆಗೆದ ಒಂದೊಂದು ಸ್ಕ್ರೂವನ್ನೂ ಮಾತ್ರೆಯ ಡಬ್ಬಿಯ ಬೇರೆ ಬೇರೆ ಮನೆಯಲ್ಲಿ ಹಾಕಿದ: ಎಡದ್ದು ಬೆಳಿಗ್ಗೆಗೆ, ಬಲದ್ದು ರಾತ್ರಿಗೆ. ಜಾಲರಿ ಬಿಚ್ಚಿ ಗೋಡೆಗೆ ಒರಗಿಸಿದ. ತಟ್ಟೆಯಲ್ಲಿ ಅಂಚಿನವರೆಗೆ ನೀರು ನಿಂತಿತ್ತು, ಮೇಲೆ ಕಂದು ಬಣ್ಣದ ಕೆನೆ. ಕೊಳವೆ ತಟ್ಟೆಯ ಎಡಮೂಲೆಗೆ ಬಿಗಿಯಾಗಿ ಕಚ್ಚಿಕೊಂಡಿತ್ತು. ಅವನು ಮುಖವನ್ನು ಅದರ ಹತ್ತಿರವೇ ಒಯ್ದು, ಕಣ್ಣು ಕಿರಿದು ಮಾಡಿ, ಎರಡು ಬೆರಳಲ್ಲಿ ತಿರುಚತೊಡಗಿದ.

"ಇನ್ನೊಂದು ನಿಮಿಷ ಅತ್ತೆ. ಹಾಕ್ಬೇಡಿ ಈಗಲೇ."

ಟವೆಲ್ ಅವಳ ಕೈಯಲ್ಲಿತ್ತು. ಅಳಿಯನ ಬೆನ್ನು ಅವಳ ಕಡೆಗಿತ್ತು. ಅಂಗಿಯ ಬಗಲಿನಲ್ಲಿ ಹೊಲಿಗೆ ಬಿಟ್ಟಿತ್ತು. ಮಗಳಿದ್ದಿದ್ದರೆ ಹೀಗೆ ಹಾಕಿಕೊಳ್ಳಲು ಬಿಡುತ್ತಿರಲಿಲ್ಲ. ಬೇರೆ ಊರಿನಲ್ಲಿ ಇದನ್ನು ಇನ್ನೊಬ್ಬಳು ಹೊಲಿಯುತ್ತಾಳೆ. ಅಷ್ಟೇ, ಅತ್ತೆ ಹೆಚ್ಚು ಯೋಚಿಸಲಿಲ್ಲ. ತಲೆಯ ಮೇಲಿನ ಸರಳನ್ನು ಒಂದು ಕೈಯಲ್ಲಿ ಹಿಡಿದು ಮೈ ಎತ್ತಿ, ಇನ್ನೊಂದು ಕೈಯಿಂದ ಟವೆಲನ್ನು ಕಿಟಕಿಯ ಹೊರಗೆ ಇಳಿಬಿಟ್ಟಳು.

ಮೇಸ್ತ್ರಿಯ ಕೈಗೆ ಮೂವತ್ನಾಲ್ಕು ವರ್ಷದ ಅಭ್ಯಾಸವಿತ್ತು. ಬಟ್ಟೆ ಕಂಡದ್ದೇ ತಡ, ಪೂರ್ತಿ ಜೋರಿನಲ್ಲಿ ನಾಲ್ಕು ಹೊಡೆತ ಹೊಡೆದ. ಏಸಿಯ ಹೊಟ್ಟೆ ಗೊಳಗೊಳ ಎಂದಿತು. ಮರುಕ್ಷಣ ತಟ್ಟೆಯ ಮೂಲೆಯಿಂದ ಕಪ್ಪಗೆ, ಉದ್ದಕ್ಕೆ, ಸತ್ತ ಹಾವಿನ ಮರಿಯಂಥ ಪಾಚಿಯ ತುಂಡೊಂದು ಎಗರಿ ಅಳಿಯನ ಹಣೆಗೆ ಬಡಿಯಿತು. ಅದರ ಹಿಂದೆ ತಟ್ಟೆಯ ನೀರೆಲ್ಲ. ಕಣ್ಣು, ಮೂಗು, ಬಾಯಿ, ಅಂಗಿ. ಒಂದಿಷ್ಟು ಗೋಡೆಗೆ. ಒಂದಿಷ್ಟು ನೀಲಿ ಬೇಸಿನ್ನಿಗೆ. ಕೋಣೆ ತುಂಬ ಹಳೆಯ ಹೂದಾನಿಯ ವಾಸನೆ.

ಅಳಿಯ ಸ್ಟೂಲಿನ ಮೇಲೆ ಕಣ್ಣು ಮುಚ್ಚಿಕೊಂಡು ನಿಂತ. ಥೂ ಎಂದು ಉಗಿದ. ಎರಡನೇ ಸಲವೂ ಉಗಿದ.

"ಹಾಕ್ಬೇಡಿ ಅಂದ್ನಲ್ಲ."

"ನಾನೆಲ್ಲಿ ಹಾಕಿದೆ?" ಟವೆಲ್ ಆಗಲೇ ಅವಳ ಎದೆಯ ಮೇಲಿತ್ತು. "ಇಲ್ಲೇ ಇದೆಯಲ್ಲ ನೋಡು. ತಾಳಿ ಅಂತ ಕೈ ಅಡ್ಡ ಮಾಡಿದೆ, ಅವರಿಗೆ ಎಲ್ಲಿ ತಾಳ್ಮೆ. ಮುಖ ತೊಳ್ದಂಗಾಗುತ್ತೆ ಬಿಡು ಅಂತ ಕೂಗಿದ್ದು ಕೇಳಿಸ್ಲಿಲ್ವಾ ನಿನಗೆ?"

"ಮುಖ ತೊಳ್ದಂಗಾಗುತ್ತೆ ಅಂದ್ರಾ?"

"ಮೋಟಾರಿನ ಸದ್ದಲ್ಲಿ ನನಗೆ ಅಷ್ಟು ಕೇಳಿಸ್ತು."

ಅಳಿಯನ ಕುತ್ತಿಗೆಯ ನರ ಉಬ್ಬಿದ್ದನ್ನು ಅವಳು ನೋಡಿದಳು. ಸಾಕು, ಇಷ್ಟು ಸಾಕು. ಇನ್ನು ಇವನು ಕೆಳಗಿಳಿದು, ಬಾಗಿಲು ಬಡಿದು, ಎರಡು ತಿಂಗಳು ಮೇಸ್ತ್ರಿಯ ನೆರಳನ್ನೂ ತುಳಿಯುವುದಿಲ್ಲ. ನಾಳೆ ಹತ್ತು ಗಂಟೆಗೆ ಆಫೀಸಿಗೆ ಆಗಲ್ಲ ಎನ್ನುತ್ತಾನೆ, ಬರೀ ಮಾವನಿಗೆ ಜಾಗ ಬಿಟ್ಟುಕೊಡಬಾರದೆಂದು.

ಆದರೆ ಅಳಿಯ ಕೆಳಗಿಳಿಯಲಿಲ್ಲ. ಸಿಟ್ಟಿನಲ್ಲಿ ಕೊಳವೆಯನ್ನು ಒಂದೇ ಸಲಕ್ಕೆ ತಟ್ಟೆಯಿಂದ ಕಿತ್ತ. ಅದರ ಬಾಯಿಂದ ಪಂಪಿನ ಗಾಳಿ ಪುಸ್ ಪುಸ್ ಎಂದು ಬರುತ್ತಿತ್ತು. ಹೊರಗೆ ಮೇಸ್ತ್ರಿ ಇನ್ನೂ ಹೊಡೆಯುತ್ತಲೇ ಇದ್ದ. ದಾರಿ ತೆರೆದಿತ್ತು. ಅಳಿಯ ಆ ಗಾಳಿಯನ್ನು ಒಂದು ಕ್ಷಣ ಕೆನ್ನೆಗೆ ಹಿಡಿದುಕೊಂಡ. ಆಮೇಲೆ ಕೊಳವೆಯನ್ನು ಬಾಯಿಗೆ ಹಚ್ಚಿ, ಕಿಟಕಿಯ ಕಡೆಗಾಗಲಿ ಅತ್ತೆಯ ಕಡೆಗಾಗಲಿ ತಿರುಗದೆ, ನೇರವಾಗಿ ಅದರೊಳಕ್ಕೆ ಕೂಗಿದ:

"ಬೇಕಂತಲೇ ಹೊಡೆದ್ರಾ?"

ಪುಸ್ ಪುಸ್ ನಿಂತಿತು. ಆ ತುದಿಯಲ್ಲಿ ಪಂಪು ಕಳಚಿದ ಸದ್ದಾಯಿತು.

ಆಮೇಲೆ ಕೊಳವೆಯೊಳಗಿಂದ ಮೇಸ್ತ್ರಿಯ ದನಿ ಬಂತು. ಡಬ್ಬಿಯೊಳಗೆ ಕೂತು ಮಾತಾಡುವವನ ಹಾಗೆ ಕಿರಿದಾಗಿ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. "ಟವೆಲ್ ಕಂಡಿತು. ಹೊಡೆದೆ."

"ಟವೆಲ್ ಹಾಕೇ ಇಲ್ಲ ಅಂತಾರೆ ಅತ್ತೆ."

"ಹಾಕಿದ್ಲು. ಹಸಿರು ಅಂಚಿಂದು. ನನಗೆ ಕಿವಿ ಮಂದ, ಕಣ್ಣಲ್ಲ."

ಅಳಿಯ ಟವೆಲ್ ಕಡೆ ನೋಡಿದ. ಹಸಿರು ಅಂಚು.

"ರೀ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ, ಒಳಗೆ ಬನ್ನಿ," ಎಂದು ಅತ್ತೆ ಕಿಟಕಿಗೆ ಕೂಗಿದಳು. ಮೋಟಾರು ಅವಳ ಮಾತನ್ನು ನುಂಗಿತು. "ಏ ಇಲ್ಲಿ ನೋಡಪ್ಪ, ನನ್ನ ತೊಡೆ ಕೆಳಗೆ ಒದ್ದೆ ಆಗ್ತಿದೆ. ಮೊದಲು ನನ್ನ ತಿರುಗಿಸು."

"ತೊಡೆ ಕೆಳಗೆ ಒದ್ದೆ ಆಗಿದ್ದು ನಿಮಗೆ ಹೇಗೆ ಗೊತ್ತಾಯ್ತು?" ಎಂದ ಅಳಿಯ, ಕೊಳವೆಯಿಂದ ಬಾಯಿ ತೆಗೆಯದೆಯೇ. ಅವನು ಅತ್ತೆಯೊಡನೆ ಹಾಗೆ ಮಾತಾಡಿದ್ದು ಅದೇ ಮೊದಲು.

"ಏನು ಅಂದೆ?" ಎಂದಿತು ಕೊಳವೆ.

"ನಿಮಗಲ್ಲ. ಒಂದು ಕೇಳ್ಬೇಕು. ಮುಖ ತೊಳ್ದಂಗಾಗುತ್ತೆ ಅಂದ್ರಾ ಈಗ?"

"ಯಾರಿಗೆ?"

"ನನಗೆ."

"ನಾನು ಬಾಯೇ ಬಿಟ್ಟಿಲ್ಲ. ಮೂವತ್ನಾಲ್ಕು ವರ್ಷ ಪೈಪಿನ ಕೆಲಸ ಮಾಡಿದೋನು ನಾನು, ಇನ್ನೊಂದು ತುದೀಲಿ ಮನುಷ್ಯ ಇದ್ದಾಗ ತಮಾಷೆ ಮಾಡಲ್ಲ. ನೀನು ಎಂಥ ದರಿದ್ರದವನೇ ಆಗಿರು."

"ದರಿದ್ರದವನು ಅಂತ ಹೋದ ತಿಂಗಳೇ ಹೇಳಿ ಕಳ್ಸಿದ್ರಲ್ಲ, ಗೊತ್ತಿದೆ."

"ಹೋದ ತಿಂಗಳು ನಾನು ಹೇಳಿ ಕಳ್ಸಿದ್ದು, ಅಂಗಿ ಹರಿದಿದೆ, ಹೊಸದು ತಗೋ ಅಂತ."

ಅಳಿಯನ ಮುಖದಿಂದ ಪಾಚಿ ನೀರು ಗದ್ದಕ್ಕೆ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳದೆ ಅವನು ನೆನಪಿನಲ್ಲಿ ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಗುತ್ತಿದ್ದದ್ದು ಅತ್ತೆಗೆ ಕಾಣುತ್ತಿತ್ತು. ಅವಳು ಕಣ್ಣು ಮುಚ್ಚಿದಳು.

"ನಾನು ಹೊರಟರೆ ತಪ್ಪು ಯಾರದು ಅಂತ ಬೀದಿಗೆಲ್ಲ ಗೊತ್ತಾಗುತ್ತೆ ಅಂದಿದ್ರಿ. ಅವಳು ಹೋದ ಮರುತಿಂಗಳು. ಪೆಟ್ಟಿಗೆ ಕಟ್ತಿದ್ದೆ ನಾನು."

ಕೊಳವೆಯಲ್ಲಿ ಉಸಿರಿನ ಸದ್ದು.

"ನಾನು ಹೇಳಿದ್ದು," ಎಂದಿತು ದನಿ, "ನಿನ್ನದೇನೂ ತಪ್ಪಿಲ್ಲ ಅಂತ. ಹೋಗು ಅಂತ. ನಿನಗೆ ವಯಸ್ಸಿದೆ ಅಂತ. ಅದಕ್ಕೆ ನೀನು, ನಾನು ತಲೆ ತಗ್ಗಿಸೋವರೆಗೂ ಕದಲಲ್ಲ ಅಂದ್ಯಂತೆ."

"ನಾನು ಅಂದಿಲ್ಲ."

"ಹ್ಞೂಂ." ಮತ್ತೆ ಉಸಿರು. "ಅವಳು ಅಲ್ಲೇ ಇದ್ದಾಳಾ?"

"ಎಲ್ಲಿಗೆ ಹೋಗ್ತಾರೆ?"

"ಏನು ಮಾಡ್ತಿದ್ದಾಳೆ?"

"ನಿದ್ದೆ ಬಂದೋರ ಹಾಗೆ ಕಣ್ಣು ಮುಚ್ಚಿದ್ದಾರೆ. ರೆಪ್ಪೆ ಅದುರ್ತಾ ಇದೆ."

ಆಮೇಲೆ ಇಬ್ಬರೂ ಕೆಲಸ ಮುಗಿಸಿದರು. ಅತ್ತೆಯನ್ನು ಕರೆಯಲಿಲ್ಲ, ಟವೆಲ್ ಬೇಕಾಗಲಿಲ್ಲ. ಅಳಿಯ ಬಿಸಿನೀರಿಗೆ ಸೋಪಿನ ಪುಡಿ ಕದಡಿ ಕೊಳವೆಗೆ ಸುರಿದ. "ಬಿಟ್ಟೆ." "ಬಂತು. ಇನ್ನೂ ಕಪ್ಪಗಿದೆ, ಸುರಿ." "ಸುರಿದೆ." "ಈಗ ತಿಳಿ ಬಂತು. ತಾಳು, ಜೋತು ಬಿದ್ದ ಕಡೆ ಒಂದು ಮರದ ಚೂರು ಕೊಡ್ತೀನಿ. ಈ ಕ್ಲಾಂಪು ಹೊಡೆದವನ ಕೈಗೆ ಬೆಂಕಿ ಹಾಕ." "ಏಣಿ ಹಿಡಿದಿದ್ದು ನೀವೇ." "ಏಣಿ ಹಿಡಿಯೋನು ಏಣಿ ನೋಡ್ತಾನೆ, ಕ್ಲಾಂಪು ನೋಡಲ್ಲ." ಸುತ್ತಿಗೆಯ ಸದ್ದು ಗೋಡೆಯೊಳಗಿಂದ ಬಂದು ಮಂಚದ ತಲೆಗೆ ತಾಕುತ್ತಿತ್ತು. ಹನ್ನೊಂದು ತಿಂಗಳಲ್ಲಿ ಮೊದಲ ಬಾರಿಗೆ ಅವರ ನಡುವೆ ಅವಳಿರಲಿಲ್ಲ.

ಅಳಿಯ ಕೊಳವೆಯನ್ನು ತಟ್ಟೆಗೆ ಸಿಕ್ಕಿಸಿದ. ಬೆಳಿಗ್ಗೆಯ ಮನೆಯಿಂದ ಎಡದ ಸ್ಕ್ರೂ, ರಾತ್ರಿಯ ಮನೆಯಿಂದ ಬಲದ್ದು. ಸ್ವಿಚ್ ಹಾಕಿದ. ತಣ್ಣನೆ ಗಾಳಿ ಬಂತು. ಹತ್ತು ನಿಮಿಷ ಕಾದ ಮೇಲೆ ಬೇಸಿನ್ ಎತ್ತಿ ಪಕ್ಕಕ್ಕಿಟ್ಟ. ಮೇಸ್ತ್ರಿ ಒಳಗೆ ಬಂದ. ಇಬ್ಬರೂ ಮಂಚದ ಕಾಲ ಬಳಿ ಒಂದೇ ಕಡೆ ನಿಂತರು. ಒಬ್ಬನ ಮುಖದಲ್ಲಿ ಪಾಚಿ, ಇನ್ನೊಬ್ಬನ ಕೈಯಲ್ಲಿ.

ಅತ್ತೆ ಕಣ್ಣು ಬಿಟ್ಟಳು. "ಏನು, ಇಬ್ಬರೂ ಪಕ್ಕಪಕ್ಕ ನಿಂತಿದ್ದೀರಿ? ಫೋಟೋ ತೆಗೆಸ್ಕೊಳ್ಳೋಕಾ?"

ಯಾರೂ ನಗಲಿಲ್ಲ.

"ಯಾಕತ್ತೆ?" ಎಂದ ಅಳಿಯ.

"ಇರು ಅಂತ ಕೇಳಿದ್ರೆ ಇರ್ತಿದ್ಯಾ?"

ಅವನು ಅಂಗಿಯ ಅಂಚಿನಿಂದ ಗದ್ದ ಒರೆಸಿಕೊಂಡ.

"ಎರಡು ತಿಂಗಳು ಇರ್ತಿದ್ದೆ. ಆಮೇಲೆ ವಾರಕ್ಕೊಂದು ಫೋನು. ಆಮೇಲೆ ತಿಂಗಳಿಗೊಂದು. ಆಮೇಲೆ, ಪಾಪ, ಅವನಿಗೂ ಒಂದು ಸಂಸಾರ ಆಯ್ತಲ್ಲ ಅಂತ ನಾನೇ ಜನರಿಗೆ ಹೇಳ್ಕೊಂಡು ಬಿದ್ದಿರ್ಬೇಕಿತ್ತು. ನಾನು ಬೆಂಕಿ ಹಚ್ಚಿಟ್ಟೆ, ನೀನು ಹನ್ನೊಂದು ತಿಂಗಳು ಇದ್ದೆ."

"ಅವನದೇನೂ ತಪ್ಪಿಲ್ಲ ಅಂತ ಹೇಳು ಅಂದಿದ್ದೆ ನಿನಗೆ," ಎಂದ ಮೇಸ್ತ್ರಿ. ಅವನ ದನಿ ಕೊಳವೆಯಲ್ಲಿದ್ದದ್ದಕ್ಕಿಂತ ಚಿಕ್ಕದಾಗಿತ್ತು. "ಅಷ್ಟು ಒಂದು ಮಾತು ಹೇಳಿದ್ರೆ ಇವನು ರಾತ್ರಿ ನಿದ್ದೆ ಮಾಡ್ತಿದ್ದ. ನಾನೂ ಮಾಡ್ತಿದ್ದೆ."

"ತಪ್ಪಿಲ್ಲ ಅಂದೋರು ನೀವು. ನಾನು ಅಂದಿರಲಿಲ್ಲ." ಅವಳು ಸರಳು ಹಿಡಿದು ಮೈ ಎತ್ತಿಕೊಂಡಳು. "ಮೂರನೇ ದಿನ ಈ ಮಂಚದ ಮೇಲಿಂದ ಹೇಳಿದೆ. ಕರ್ಕೊಂಡು ಹೋಗಿ, ಹುಡುಗಿ ಕಣ್ಣು ಸರಿ ಇಲ್ಲ ಅಂತ. ನಾಲ್ಕು ಕಾಲು ಇತ್ತು ನಿಮ್ಮಿಬ್ಬರ ಹತ್ರ. ನಾಲ್ಕೂ ನೆಟ್ಟಗಿದ್ವು. ಮಲಗಿದೋಳ ಮಾತು ಅಂತ ಇಬ್ಬರೂ ಅಡುಗೆಮನೇಲಿ ನಕ್ಕಿದ್ದು ನನಗೆ ಕೇಳಿಸ್ತು. ನಿಮಗೆ ನಿದ್ದೆ ಬರ್ಲಿ ಅಂತ ನಾನು ಮಾತು ಹೊತ್ತು ಹಾಕ್ಬೇಕಿತ್ತಾ? ಬರ್ದೇ ಇರ್ಲಿ. ನನಗೆ ಬಂದಿಲ್ಲ."

ಏಸಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಹೊರಗೆ ಒಗೆಯುವ ಕಲ್ಲಿನ ಹತ್ತಿರ ನೀರು ಸರಾಗವಾಗಿ ಬೀಳುತ್ತಿದ್ದದ್ದು ಮೋಟಾರು ನಿಂತ ಮೇಲೆ ಕೇಳಿಸಿತು.

ಮೊದಲು ಹೋದವನು ಅಳಿಯ. ಹೋಗುವಾಗ ಮಾವನ ಕಡೆ ನೋಡಿ, "ನಾಳೆ ಆಫೀಸಿಗೆ ಹ್ಞೂಂ ಅಂತೀನಿ. ಹದಿನೈದು ದಿನದಲ್ಲಿ ಹೊರಡ್ತೀನಿ," ಎಂದ. ಮೇಸ್ತ್ರಿ ತಲೆಯಾಡಿಸಿದ. ಅತ್ತೆಗೆ ಯಾರೂ ಏನೂ ಹೇಳಲಿಲ್ಲ. ಅಟ್ಟದಿಂದ ಪೆಟ್ಟಿಗೆ ಇಳಿದ ಸದ್ದು ಅವಳಿಗೆ ಕೇಳಿಸಿತು, ಬೀಗದ ಕೊಂಡಿ ತೆರೆದದ್ದು ಕೇಳಿಸಿತು. ಮೇಸ್ತ್ರಿ ಗೋಡೆಗೆ ಹಾರಿದ್ದ ಪಾಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಅವಳ ಹೊದಿಕೆಯನ್ನು ಬದಲಿಸಿದ. ಅವಳು, "ಸ್ವಲ್ಪ ನೀರು ಕೊಡಿ," ಎಂದಾಗ ಲೋಟ ತಂದು ಕೈಗೆ ಕೊಡದೆ ಸ್ಟೂಲಿನ ಮೇಲಿಟ್ಟು ಹೋದ. "ಎಷ್ಟು ದಿನ ಹೀಗೆ?" ಎಂದಳು. ಅವನು ತುಟಿ ಪಿಟಕ್ಕೆನ್ನಲಿಲ್ಲ. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವನು ಬೈಯದೆ ಇದ್ದದ್ದು ಅವಳಿಗೆ ನೆನಪಿರಲಿಲ್ಲ.

ಹನ್ನೊಂದು ಗಂಟೆಗೆ ಅವಳ ಮಗ್ಗುಲು ಬದಲಿಸಬೇಕು. ಎರಡು ಗಂಟೆಗೊಮ್ಮೆ, ನರ್ಸಿನ ಅಪ್ಪಣೆ. ಒಬ್ಬರಿಂದ ಸಲೀಸಾಗಿ ಆಗುವ ಕೆಲಸವಲ್ಲ: ಒಬ್ಬರು ಭುಜ, ಒಬ್ಬರು ಸೊಂಟ, ಅವಳು ಸರಳು ಹಿಡಿದು ಮೈ ಹಗುರ ಮಾಡಬೇಕು, ಅದೂ ಹೇಳಿದ ಹೊತ್ತಿಗೆ. ಮೇಸ್ತ್ರಿ ಬಂದು ಭುಜದ ಕಡೆ ನಿಂತ. ಬಾಯಿ ತೆರೆದ, ಮುಚ್ಚಿದ. ಆಮೇಲೆ ಬಾಗಿಲ ಕಡೆ ತಿರುಗಿ ಕರೆದ: "ಏ, ಇಲ್ಲಿ ಬಾ ಸ್ವಲ್ಪ."

ಅಳಿಯ ಬಂದ. ಮುಖ ತೊಳೆದಿದ್ದ. ಕೈಯಲ್ಲಿ ಅರ್ಧ ಮಡಚಿದ ಅಂಗಿ.

"ಅವಳಿಗೆ ಹೇಳು," ಎಂದ ಮೇಸ್ತ್ರಿ, ಹೆಂಡತಿಯ ತಲೆಯ ಮೇಲಿಂದ. "ತಿರುಗೋ ಹೊತ್ತಾಯ್ತು. ಸರಳು ಹಿಡ್ಕೋಬೇಕು."

ಅಳಿಯ ಅವನನ್ನು ನೋಡಿದ. ಅತ್ತೆಯನ್ನು ನೋಡಿದ. ಅವಳ ಕಿವಿ ಮೇಸ್ತ್ರಿಯ ಬಾಯಿಂದ ಒಂದು ಮೊಳ ದೂರದಲ್ಲಿತ್ತು.

ಅತ್ತೆ ಅಳಿಯನ ಕೈಯ ಅಂಗಿ, ಗಂಡನ ಎತ್ತಿದ ಗದ್ದ, ಎರಡನ್ನೂ ನೋಡಿದಳು. ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ; ಇಂಥ ಕಸುಬಿನಲ್ಲಿ ಪಳಗಿದವಳು ಅವಳು. ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು.

"ಅವರಿಗೆ ಹೇಳು, ನಾನು ತಿರುಗಲ್ಲ ಅಂತ."

"ಹುಣ್ಣು ಕೀವಾಗುತ್ತೆ ಅಂತ ಹೇಳು ಅವಳಿಗೆ."

"ಆಗ್ಲಿ ಅಂತ ಹೇಳು."

"ಅತ್ತೆ," ಎಂದ ಅಳಿಯ. "ಮಾವ. ಹದಿನೈದು ದಿನ ಆದ್ಮೇಲೆ ನಾನಿರಲ್ಲ. ಆಗ ಇದನ್ನೆಲ್ಲ ಯಾರು ಹೇಳ್ತಾರೆ?"

ಮೇಸ್ತ್ರಿ ಕಿಟಕಿಯ ಹೊರಗೆ ನೋಡಿದ. ಅತ್ತೆ ಗೋಡೆಯನ್ನೇ ನೋಡುತ್ತಿದ್ದಳು. ಆ ಪ್ರಶ್ನೆ ತಮ್ಮಿಬ್ಬರಲ್ಲಿ ಯಾರಿಗೂ ಸಂಬಂಧಿಸಿದ್ದಲ್ಲ ಎನ್ನುವ ಹಾಗೆ ಇಬ್ಬರೂ ಕಾದರು. ಕೊನೆಗೆ ಅವಳು ಸರಳಿಗೆ ಕೈ ಚಾಚಿದಳು, ಆದರೆ ಹಿಡಿಯಲಿಲ್ಲ.

"ಅವರಿಗೆ ಹೇಳು. ನನ್ನ ಭುಜ ಮುಟ್ಟೋ ಮುಂಚೆ ಇನ್ನೊಂದ್ಸಲ ಕೈ ತೊಳ್ಕೊಂಡು ಬರ್ಲಿ. ಪಾಚಿ ನಾತ."

ಅಳಿಯ ಅಂಗಿಯನ್ನು ಕುರ್ಚಿಯ ಮೇಲೆ ಹಾಕಿ, ಮಂಚದ ಆ ಬದಿಗೆ ಹೋಗಿ ಅವಳ ಸೊಂಟಕ್ಕೆ ಕೈ ಕೊಟ್ಟು, ಮೂರಡಿ ದೂರದಲ್ಲಿ ನಿಂತಿದ್ದ ಮಾವನಿಗೆ ಹೇಳಿದ:

"ಇನ್ನೊಂದ್ಸಲ ಕೈ ತೊಳ್ಕೊಂಡು ಬರ್ಬೇಕಂತೆ."